ಸಣ್ಣ ಗುರುತು ಹೇಳಬೇಕೆ

ಚೀಟಿ ಎತ್ತುವ ದಿನ ಪುರಸಭೆಯ ಮುಖ್ಯಾಧಿಕಾರಿಗಳ ಕೈ ಹಂಡೆಯೊಳಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇತ್ತು. ಹನ್ನೊಂದು ಹೆಸರುಗಳನ್ನು ಅವರು ಸೊಪ್ಪು ಕಿತ್ತಹಾಗೆ ಪಟಪಟನೆ ತೆಗೆದಿದ್ದರು. ಹನ್ನೆರಡನೆಯದಕ್ಕೆ ಮಾತ್ರ ಬೆರಳುಗಳು ಒಳಗೆ ಏನನ್ನೋ ಹುಡುಕಿದವು. ಹಿಂದಿನ ಸಾಲಿನಲ್ಲಿ ನಿಂತು ನಾನು ಅದನ್ನೇ ನೋಡುತ್ತಿದ್ದೆ. ಹೊರಬಂದ ಚೀಟಿಯಲ್ಲಿ ಇಂದುಮತಿ ಎಂದಿತ್ತು, ಅಂದರೆ ನಾನು. ಮನೆಗೆ ಬಂದು ಹೇಳಿದಾಗ ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, ಆರು ಸಾವಿರ ಚೀಟಿಯೊಳಗೆ ನಿನ್ನ ಹೆಸರು ಹುಡುಕುವಷ್ಟು ಪುರುಸೊತ್ತು ಯಾವ ಅಧಿಕಾರಿಗೆ ಇರುತ್ತದೆ ಎಂದರು. ಪುರುಸೊತ್ತು ಮಾಡಿಕೊಂಡಿರಬಹುದಲ್ಲ ಎಂದು ನನಗನ್ನಿಸಿತು. ನನ್ನ ತಾಯಿ ಆ ಗೋಡೆಯಿಂದಲೇ ಆಸ್ಪತ್ರೆಗೆ ಹೋದವಳು. ಅಂಥವಳ ಮಗಳು ಗೋಡೆಯನ್ನು ಎದುರು ಹಾಕಿಕೊಳ್ಳುವುದಿಲ್ಲ ಎಂದು ಯಾರೋ ಲೆಕ್ಕ ಹಾಕಿರಬೇಕು.

ನಮ್ಮೂರಿನ ಹಳೆಯ ಸುಂಕದಕಟ್ಟೆಯ ಹಿಂದೆ ಆ ಗೋಡೆ ಇದೆ. ಬೆನ್ನು ಕೊಟ್ಟು ನೂರು ಎಣಿಸುವಷ್ಟು ಹೊತ್ತು ನಿಂತು ಬಂದರೆ, ಮೈಯೊಳಗೆ ಎಲ್ಲಾದರೂ ಕ್ಯಾನ್ಸರಿನ ಗಂಟು ಕಟ್ಟುತ್ತಿದ್ದರೆ ಗೋಡೆ ಅದೇ ಎತ್ತರದಲ್ಲಿ, ಅದೇ ಜಾಗದಲ್ಲಿ ಬೆವರುತ್ತದೆ. ಮರುದಿನ ಬೆಳಿಗ್ಗೆಗೆ ಒಣಗುತ್ತದೆ. ದಿನಕ್ಕೆ ಹನ್ನೆರಡು ಜನ ಮಾತ್ರ. ಹದಿಮೂರನೆಯವರು ನಿಂತರೆ ಗೋಡೆಯೆಲ್ಲ ಒದ್ದೆಯಾಗಿ ಯಾರ ಗುರುತೂ ಉಳಿಯುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಮುಚ್ಚಿರುತ್ತದೆ. ಹೀಗಾಗಿ ನಮ್ಮೂರಲ್ಲಿ ಯಾವ ಗೋಡೆಗೂ ಯಾರೂ ಒರಗುವುದಿಲ್ಲ. ಅಂಗಡಿಯ ಬೆಂಚುಗಳು ಗೋಡೆಯಿಂದ ಒಂದು ಗೇಣು ದೂರ ಇರುತ್ತವೆ. ಬಾಣಂತಿಗೂ ದಿಂಬಿನ ಮೇಲೆ ದಿಂಬು ಇಡುತ್ತೇವೆಯೇ ಹೊರತು ಗೋಡೆ ಕೊಡುವುದಿಲ್ಲ. ಬೇರೆ ಊರಿನಿಂದ ಬಂದ ಅಳಿಯ ಊಟವಾದ ಮೇಲೆ ಹಾಯಾಗಿ ಗೋಡೆಗೆ ಒರಗಿ ಕೂತರೆ ಅತ್ತೆಯಾದವಳು ಒಳಗೆ ಹೋಗಿ ಕಣ್ಣೀರು ಹಾಕುತ್ತಾಳೆ.

ಎರಡು ಕಟ್ಟುಪಾಡುಗಳು ನಮ್ಮ ಅಜ್ಜಿಯ ಕಾಲಕ್ಕಿಂತ ಹಿಂದಿನವು. ನಿಂತವರು ತಿರುಗಿ ನೋಡಬಾರದು. ಗೋಡೆ ಓದುವವನು ನಿಂತವರ ಮುಖ ನೋಡಬಾರದು. ಈಗ ಓದುವವನು ನೇಮಣ್ಣ. ಎಲ್ಲರೂ ಹೋದ ಮೇಲೆ ಅವನು ಪಕ್ಕದ ಬಾಗಿಲಿನಿಂದ ಬಂದು, ಒಂದರಿಂದ ಹನ್ನೆರಡರವರೆಗೆ ಸುಣ್ಣದಲ್ಲಿ ಬರೆದ ಜಾಗದ ನಂಬರು ನೋಡಿ ಗುರುತು ಬರೆದುಕೊಳ್ಳುತ್ತಾನೆ. ಯಾವ ನಂಬರಿಗೆ ಯಾರು ಎಂಬುದು ಡಾಕ್ಟರರ ಪಟ್ಟಿಯಲ್ಲಿರುತ್ತದೆ.

ಮೊದಲೆಲ್ಲ ಪುರಸಭೆಯಲ್ಲಿ ಪರಿಚಯವಿದ್ದವರು ವರ್ಷಕ್ಕೆರಡು ಸಲ ನಿಂತು ಬಂದರು, ಕೆಳಗೇರಿಯವರಿಗೆ ಒಮ್ಮೆಯೂ ಪಾಳಿ ಬರಲಿಲ್ಲ. ಅದು ದೊಡ್ಡ ಗಲಾಟೆಯಾದ ಮೇಲೆ, ಊರಿನ ಸಾಮಾನ್ಯ ಜನರೇ ಕೂತು ನಿಯಮ ಮಾಡಲಿ ಎಂದು, ಚೀಟಿ ಎತ್ತಿ ಆರಿಸಿದ ಹನ್ನೆರಡು ಜನರ ಸಮಿತಿ ಹುಟ್ಟಿತು. ಮೂರು ಪ್ರಶ್ನೆಗಳನ್ನು ನಮ್ಮ ಮುಂದಿಟ್ಟರು. ಯಾವ ವಯಸ್ಸಿನಿಂದ ಕರೆಯಬೇಕು, ಎಷ್ಟು ವರ್ಷಕ್ಕೊಮ್ಮೆ ಕರೆಯಬೇಕು, ಸಣ್ಣ ಗುರುತು ಬಂದರೆ ಹೇಳಬೇಕೆ ಬೇಡವೆ. ಅಂಗೈಯಷ್ಟು ದೊಡ್ಡ ಗುರುತಾದರೆ ಅದೇ ದಿನ ಕರೆದು ಹೇಳುತ್ತಾರೆ, ಅದರಲ್ಲಿ ಚರ್ಚೆಯಿಲ್ಲ. ಅವರೆಕಾಳಿನಷ್ಟು ಸಣ್ಣ ಗುರುತಿನದೇ ತಕರಾರು. ಡಾಕ್ಟರ್ ಪದ್ಮರಾಜಯ್ಯನವರು ಹೇಳಿದ ಪ್ರಕಾರ ಅಂಥ ನೂರರಲ್ಲಿ ಹತ್ತು ಹನ್ನೆರಡು ಮಾತ್ರ ಮುಂದೆ ಬೆಳೆಯುತ್ತವೆ. ಉಳಿದವು ಸಾಯುವತನಕ ಹಾಗೇ ಇರುತ್ತವೆ. ಯಾವುದು ಬೆಳೆಯುವುದು, ಯಾವುದು ಸುಮ್ಮನಿರುವುದು ಎಂದು ಗೋಡೆ ಹೇಳುವುದಿಲ್ಲ. ಹೇಳಿದರೆ ನೂರಕ್ಕೆ ನೂರು ಜನ ಹೆದರಿ ಕೊಯ್ಸಿಕೊಳ್ಳುತ್ತಾರೆ.

ಮೊದಲ ಸಭೆಯಲ್ಲೇ ನನ್ನ ಅನುಮಾನಕ್ಕೆ ಆಧಾರ ಸಿಕ್ಕಿತು. ಸುಂಕದಕಟ್ಟೆಯ ಹಜಾರದ ಮೂಲೆಯಲ್ಲಿ ಕಾಗದದ ಕಟ್ಟುಗಳಿದ್ದವು. ನೀರು ಕುಡಿಯುವ ನೆಪದಲ್ಲಿ ಹೋಗಿ ಮೇಲಿನ ಹಾಳೆ ಸರಿಸಿ ನೋಡಿದೆ. ಕರೆಪತ್ರದ ನಮೂನೆ. ವಯಸ್ಸು ಐವತ್ತು ತುಂಬಿದವರು ಎಂದು ಆಗಲೇ ಅಚ್ಚಾಗಿತ್ತು. ನಾನು ಒಂದು ಹಾಳೆ ತಂದು ಮೇಜಿನ ಮೇಲಿಟ್ಟೆ. ಹಾಳೆ ಕೈಯಿಂದ ಕೈಗೆ ಹೋಯಿತು. ಬಸ್ಸಿನ ಕಂಡಕ್ಟರ್ ಇಮಾಮಸಾಬ ಅದನ್ನು ಟಿಕೆಟ್ ನೋಡಿದ ಹಾಗೆ ಹಿಂದೆಮುಂದೆ ತಿರುಗಿಸಿ ನೋಡಿ ಡಾಕ್ಟರರಿಗೆ ಕೊಟ್ಟ.

"ಉಂಡು ಎಲಿ ಎತ್ತಿದ ಮ್ಯಾಲೆ ಏನೇನ್ ಅಡಿಗಿ ಮಾಡೂಣು ಅಂತ ಕೇಳಿದಂಗಾತಲ್ರಿ ಸಾಹೇಬ್ರ," ಎಂದ.

ಮಳೆ ಹಿಡಿದರೆ ಅಚ್ಚಿನ ಮನೆಯಲ್ಲಿ ಹಾಳೆ ಒಣಗುವುದಿಲ್ಲ, ಅದಕ್ಕೇ ಮುಂಚಿತವಾಗಿ ಮಾಡಿಸಿದ್ದು ಎಂದು ಡಾಕ್ಟರರು ಸಮಜಾಯಿಷಿ ಹೇಳಿದರು. ಯಾರೂ ನಂಬಲಿಲ್ಲ. ಕೊನೆಗೆ ಅವರೇ ಕಟ್ಟುಗಳನ್ನು ಹೊರಗೆ ಸಾಗಿಸಬೇಕಾಯಿತು. ಒಂದು ಮಾತನ್ನು ಮಾತ್ರ ಅವರು ಬಾಗಿಲಲ್ಲಿ ನಿಂತು ಹೇಳಿದರು: ಎಷ್ಟು ಗುರುತು ಬೆಳೆಯುತ್ತವೆ ಅನ್ನುವುದನ್ನು ನಾನು ಹೇಳಬಲ್ಲೆ, ಎಷ್ಟು ಹೆದರಿಕೆ ಸಹಿಸಬಹುದು ಅನ್ನುವುದನ್ನು ನೀವೇ ಹೇಳಬೇಕು. ಮಾತು ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದರಿಂದಲೇ, ಮನೆಯಲ್ಲಿ ಬರೆದುಕೊಂಡು ಬಂದಿರಬೇಕು ಎಂದುಕೊಂಡೆ.

ಮೊದಲ ಎರಡು ಪ್ರಶ್ನೆಗಳು ಎರಡು ಸಭೆಗಳಲ್ಲಿ ಮುಗಿದವು. ನಲವತ್ತೈದರಿಂದ, ಮೂರು ವರ್ಷಕ್ಕೊಮ್ಮೆ, ಕೆಳಗೇರಿಯಿಂದ ಶುರುಮಾಡಿ ಮೇಲಕ್ಕೆ. ಮೂರನೆಯದು ಬಂದಾಗ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದ ತಿರಕಪ್ಪನವರು ಒಂದು ಸೂಚನೆ ಮಾಡಿದರು. ನಿಯಮ ಮಾಡುವವರು ಒಮ್ಮೆಯಾದರೂ ಗೋಡೆಗೆ ನಿಂತು ನೋಡಬೇಕು, ಸಣ್ಣ ಗುರುತು ಬಂದರೆ ನೇಮಣ್ಣ ಬರೆದು ಲಕೋಟೆಯಲ್ಲಿಟ್ಟುಕೊಳ್ಳಲಿ, ನಾವು ಯಾವ ನಿಯಮ ಮಾಡುತ್ತೇವೋ ಅದು ಮೊದಲು ನಮಗೇ ಲಾಗೂ ಆಗಲಿ. ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ನನಗೆ ನಲವತ್ತಾರು. ಅಲ್ಲಿಯವರೆಗೂ ನಾನು ಒಮ್ಮೆಯೂ ನಿಂತಿರಲಿಲ್ಲ.

ಒಂದು ಬೆಳಿಗ್ಗೆ ಹನ್ನೆರಡು ಜನ ಸಾಲಾಗಿ ನಿಂತೆವು. ನನ್ನದು ಆರನೆಯ ಜಾಗ. ಅಲ್ಲಿ ಗೋಡೆಗೆ ಸೇರಿದಂತೆ ಒಂದು ಕಲ್ಲುಕಂಬವಿದೆ. ಏಳನೆಯ ಜಾಗ ಗಿರಣಿಯ ಗುರುಸಿದ್ಧವ್ವನದು. ಅರವತ್ತು ದಾಟಿದ, ಹುಬ್ಬಿನ ಮೇಲೂ ಹಿಟ್ಟು ಕೂತಿರುವ ಹೆಂಗಸು. ಊರಿನ ಅರ್ಧ ಜೋಳ ಬೀಸುವುದು ಅವಳ ಗಿರಣಿಯಲ್ಲೇ. ಅವಳ ಮೊಣಕಾಲು ನೋಯುತ್ತಿತ್ತು. ನೂರು ಎಣಿಸುವತನಕ ಹಿಡಿಯಲು ಏನಾದರೂ ಬೇಕು, ನೀ ಇತ್ಲಾಗ ಬಾ, ನಾ ಕಂಬ ಹಿಡಕೊಂಡು ನಿಲ್ಲತೀನಿ ಎಂದಳು. ನಾವು ಜಾಗ ಬದಲಾಯಿಸಿದೆವು. ನೋಡುವವರು ಅಲ್ಲಿ ಯಾರಿದ್ದರು? ಮುಖ ನೋಡಬಾರದೆಂದು ನೇಮಣ್ಣ ಬಾಗಿಲ ಆಚೆ ಇದ್ದ, ತಿರುಗಿ ನೋಡಬಾರದೆಂದು ನಾವೆಲ್ಲ ಎದುರಿನ ಹುಣಸೆ ಮರ ನೋಡುತ್ತಿದ್ದೆವು.

ನೂರು ಎಣಿಸಿ ಎಲ್ಲರೂ ಹೊರಟರು. ನಾನು ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುವವಳಂತೆ ಬಗ್ಗಿ, ತೋಳಿನ ಸಂದಿಯಿಂದ ಹಿಂದೆ ನೋಡಿದೆ. ನಾನು ನಿಂತಿದ್ದ ಏಳನೆಯ ಜಾಗದಲ್ಲಿ, ಎದೆಯ ಎತ್ತರದಲ್ಲಿ, ಅವರೆಕಾಳಿನಷ್ಟು ಒದ್ದೆ ಇತ್ತು.

ಸಂಜೆ ಯಾರಿಗೂ ಕರೆ ಬರಲಿಲ್ಲ. ಅಂದರೆ ಹನ್ನೆರಡು ಜನರಲ್ಲಿ ದೊಡ್ಡ ಗುರುತು ಯಾರದೂ ಇಲ್ಲ. ಅಷ್ಟು ಖಾತ್ರಿಯಾದ ಮೇಲೆ ನಮ್ಮ ಸಭೆಯ ಬಣ್ಣವೇ ಬದಲಾಯಿತು. ಸಣ್ಣ ಗುರುತು ಇದ್ದರೆ ಯಾರದು? ನೇಮಣ್ಣ ಚಹದ ಲೋಟ ಇಡುವಾಗ ಯಾರ ಮುಂದೆ ಮೆತ್ತಗೆ ಇಟ್ಟ, ಯಾರ ಮುಂದೆ ಸದ್ದು ಮಾಡಿ ಇಟ್ಟ ಎಂದು, ಅವನಿಗೆ ಹೆಸರುಗಳೇ ಗೊತ್ತಿಲ್ಲವೆಂಬುದನ್ನೂ ಮರೆತು, ಎಲ್ಲರೂ ಗಮನಿಸುತ್ತಿದ್ದರು. ಡಾಕ್ಟರರು ಒಬ್ಬರತ್ತ ಎರಡು ಸಲ ನೋಡಿದರೆ ಆತ ಬೆವರುತ್ತಿದ್ದ. ಯಾರಾದರೂ ಹೇಳಬಾರದು ಎಂದು ವಾದಿಸಿದರೆ ಉಳಿದವರು ಅವರ ಮಾತು ಕೇಳುವ ಬದಲು ಅವರ ಮುಖದ ಕಳೆ ನೋಡುತ್ತಿದ್ದರು. ನನಗೊಬ್ಬಳಿಗೇ ಉತ್ತರ ಗೊತ್ತಿತ್ತು. ಡಾಕ್ಟರರ ಪಟ್ಟಿಯಲ್ಲಿ ಅದು ಗುರುಸಿದ್ಧವ್ವನ ಹೆಸರಿನ ಮುಂದೆ ಇದೆ ಎಂಬುದೂ ಗೊತ್ತಿತ್ತು. ಅವರು ಅವಳೊಡನೆ ವಿಶೇಷ ಮೃದುವಾಗಿ ಮಾತಾಡುತ್ತಿದ್ದಾರೆ ಎಂದು ನನಗೆ ಕಾಣುತ್ತಿತ್ತು.

ಗೋಡೆಗೆ ನಿಲ್ಲುವ ಮೊದಲು ನಾನು ತಿರಕಪ್ಪನವರ ಪಕ್ಷ. ನನ್ನ ಮೈಯ ಸುದ್ದಿ ನನಗಿಂತ ಮೊದಲು ಡಾಕ್ಟರರಿಗೆ ಗೊತ್ತಾಗುವುದು ಯಾವ ನ್ಯಾಯ ಎಂದು ಅವರು ಕೇಳಿದಾಗ ತಲೆಯಾಡಿಸಿದವಳು. ನಿಂತು ಬಂದ ಮೇಲೆ ನನ್ನ ಬಾಯಿಂದ ಬೇರೆ ಮಾತುಗಳು ಬರತೊಡಗಿದವು. ನನ್ನ ತಾಯಿಯ ಕತೆ ಹೇಳಿದೆ. ಅವಳದೂ ಸಣ್ಣ ಗುರುತೇ. ಹೊಳೆಯಾಚೆಯ ಆಸ್ಪತ್ರೆಯಲ್ಲಿ ಎದೆ ಕೊಯ್ದರು. ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದಳು, ಊದಿದ ಬಲಗೈಯನ್ನು ಎಡಗೈಯಲ್ಲಿ ಎತ್ತಿಕೊಂಡು. ಬೆಳೀತಿತ್ತೋ ಇಲ್ಲವೋ ಅಂತ ಯಾರಾದ್ರೂ ಹೇಳಿದ್ರ ಸಾಕಿತ್ತು ಎಂದು ಪ್ರತಿ ಯುಗಾದಿಗೆ ಅನ್ನುತ್ತಿದ್ದಳು. ಕತೆ ಸುಳ್ಳಲ್ಲ. ಆದರೆ ಅದನ್ನು ಹೇಳುವಾಗ ನನ್ನ ದನಿ ನಡುಗಿದ್ದು ತಾಯಿಗಾಗಿಯೋ, ಇಲ್ಲ ಹೇಳಬಾರದೆಂಬ ನಿಯಮ ಬಂದರೆ ಎಲ್ಲ ಮುಚ್ಚಿಹೋಗುತ್ತದೆ ಎಂಬ ಆಸೆಗೋ? ಅದನ್ನು ನಾನು ಇವತ್ತಿಗೂ ಬಿಡಿಸಿ ಹೇಳಲಾರೆ. ಮುಚ್ಚಿಹೋದರೆ ಯಾರಿಗೂ ನಷ್ಟವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಗುರುಸಿದ್ಧವ್ವನಿಗೂ ಇಲ್ಲ, ನನಗೂ ಇಲ್ಲ. ಆಸ್ಪತ್ರೆ, ಗಂಡನ ಮೌನ, ನೆಂಟರ ಕಣ್ಣು ಯಾವುದೂ ಬೇಡ.

ಇಮಾಮಸಾಬ ನನ್ನ ಪಕ್ಷಕ್ಕೆ ಬಂದ. ಬ್ರೇಕು ಸಣ್ಣಗೆ ಸದ್ದು ಮಾಡುತ್ತಿದೆ ಎಂದು ಪ್ಯಾಸೆಂಜರಿಗೆ ಹೇಳಿದರೆ ಊರು ಮುಟ್ಟುವತನಕ ಯಾರೂ ಕಣ್ಣು ಮುಚ್ಚುವುದಿಲ್ಲ ಎಂಬುದು ಅವನ ವಾದ. ಅದಕ್ಕೆ ತಿರಕಪ್ಪನವರು, ಇಳಿದು ನಡೆದುಕೊಂಡು ಹೋಗುತ್ತೇನೆ ಅನ್ನುವವನಿಗಾದರೂ ಹೇಳಬೇಕೋ ಬೇಡವೋ ಎಂದು ಕೇಳಿದರು. ಗುರುಸಿದ್ಧವ್ವ ಹೆಚ್ಚು ಮಾತಾಡುತ್ತಿರಲಿಲ್ಲ. ಆ ದಿನದಿಂದ ಅವಳು ನನ್ನ ಪಕ್ಕದಲ್ಲೇ ಬಂದು ಕೂರುತ್ತಿದ್ದಳು, ಸೆರಗಿನ ಗಂಟಿನಿಂದ ಹುರಿದ ಶೇಂಗಾ ತೆಗೆದು ನನ್ನ ಕೈಗೆ ಹಾಕುತ್ತಿದ್ದಳು. ಏಕೆ? ಮೊದಲೆರಡು ಸಭೆಯಲ್ಲಿ ಅವಳು ನನ್ನ ಮುಖವನ್ನೂ ಸರಿಯಾಗಿ ನೋಡಿದವಳಲ್ಲ. ಒಂದು ದಿನ, ನೀ ಯಾಕ ಇತ್ತಿತ್ಲಾಗ ಬಿಳಿಚಿಕೊಂಡೀಯಲ್ಲ ಎಂದಳು. ನಿದ್ದೆ ಕಡಿಮೆ ಎಂದೆ.

ಗೋಡೆಗೆ ನಿಂತ ಮೂರನೆಯ ವಾರ ಕೈ ಎತ್ತಿಸಿದರು. ಹೇಳಬೇಕು ಎಂದವರು ಆರು ಜನ, ಬೇಡ ಎಂದವರು ಐದು. ಗುರುಸಿದ್ಧವ್ವ ಬೇಡ ಎಂದವರ ಕಡೆ ಇದ್ದಳು. ನಾನು ಯಾವ ಕಡೆಗೂ ಕೈ ಎತ್ತಿರಲಿಲ್ಲ. ಎಂಟು ಕೈಯಾಗದೆ ನಿಯಮವಾಗದು ಎಂದು ಕರಾರಿತ್ತು. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಆಗ ನಾನು, ಮೊದಲೇ ಯೋಚಿಸಿಟ್ಟಿದ್ದನ್ನು ಈಗಷ್ಟೇ ಹೊಳೆದಂತೆ ಹೇಳಿದೆ. ಊರಿಗೆಲ್ಲ ಒಂದೇ ಉತ್ತರ ಯಾಕೆ ಬೇಕು? ಸಣ್ಣ ಗುರುತಿದ್ದರೆ ಹೇಳಲೋ ಬೇಡವೋ ಎಂದು ಪ್ರತಿಯೊಬ್ಬರನ್ನೂ ಕೇಳಲಿ. ಹೇಳಿ ಎಂದವರಿಗೆ ಗುರುತಿರಲಿ ಬಿಡಲಿ ಒಂದೇ ಥರದ ಚೀಟಿ ಕೊಡಲಿ. ಬೇಡ ಎಂದವರ ಲಕೋಟೆ ಮುಚ್ಚಿಯೇ ಇರಲಿ, ಮುಂದೆ ಯಾವತ್ತಾದರೂ ಮನಸ್ಸು ಬದಲಾದರೆ ಬಂದು ಕೇಳಲಿ. ಚೀಟಿ ಕೊಟ್ಟ ಮೇಲೆ ಪುರಸಭೆಯ ಪುಸ್ತಕದಲ್ಲಿ ಏನೂ ಉಳಿಯಬಾರದು. ಕೊಯ್ಸಿಕೊಳ್ಳುವುದೋ, ಕಾದು ನೋಡುವುದೋ ಅವರವರ ತೀರ್ಮಾನ.

ಡಾಕ್ಟರರು ಕನ್ನಡಕ ತೆಗೆದು ಒರೆಸಿ, ಇಷ್ಟು ಸರಳವಾದದ್ದು ನಮಗೆ ಹೊಳೆದಿರಲಿಲ್ಲ ಎಂದರು. ತಿರಕಪ್ಪನವರು ನನ್ನನ್ನು ಹೊಗಳಿದರು. ಹನ್ನೆರಡು ಕೈಗಳೂ ಎದ್ದವು. ನನ್ನ ಲೆಕ್ಕ ಇಷ್ಟೇ ಇತ್ತು: ನಾನು ಬೇಡ ಎನ್ನುತ್ತೇನೆ, ಬೇಡದ ಕಡೆ ಕೈ ಎತ್ತಿದ ಗುರುಸಿದ್ಧವ್ವನೂ ಬೇಡ ಎನ್ನುತ್ತಾಳೆ, ಏಳನೆಯ ನಂಬರಿನ ಲಕೋಟೆ ಯಾರೂ ಒಡೆಯದೆ ಗೆದ್ದಲಿಗೆ ಹೋಗುತ್ತದೆ.

ಕರಾರಿನಂತೆ ನಿಯಮ ಮೊದಲು ನಮಗೇ ಲಾಗೂ ಆಯಿತು. ಆ ಮಧ್ಯಾಹ್ನವೇ ನೇಮಣ್ಣ ಲಕೋಟೆಗಳ ತಟ್ಟೆ ತಂದಿಟ್ಟ. ಡಾಕ್ಟರರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿದರು. ತಿರಕಪ್ಪನವರು ಹೇಳಿ ಎಂದರು. ಇಮಾಮಸಾಬ ಎರಡೂ ಕೈ ಮುಗಿದು ಬೇಡ ಎಂದ. ನನ್ನ ಸರದಿ ಬಂದಾಗ ಬೇಡ ಎಂಬ ಮಾತು ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಆಮೇಲೆ ಡಾಕ್ಟರರು ಗುರುಸಿದ್ಧವ್ವನನ್ನು ಕೇಳಿದರು.

"ಹೂಂ. ಹೇಳ್ರಿ," ಎಂದಳು ಅವಳು.

ಅವಳ ಕೈಗೆ ಲಕೋಟೆ ಬಂತು. ಅವಳು ಅದನ್ನು ಒಡೆಯಲಿಲ್ಲ. ಉಳಿದವರ ಸರದಿ ಮುಗಿಯುವತನಕ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಜನ ಎದ್ದು ಅಲ್ಲಲ್ಲಿ ಗುಂಪಾದ ಮೇಲೆ ನನ್ನತ್ತ ಚಾಚಿದಳು. ತೂಕದ ಅಂಕಿ ಬಿಟ್ಟರೆ ಅವಳಿಗೆ ಅಕ್ಷರ ಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ನಾನೊಬ್ಬಳು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ನೀ ಕಾಲೇಜ ಕಲ್ತಾಕಿ. ಓದು."

ಬಿಡಿಸಿದೆ. ಏಳನೆಯ ಜಾಗ, ಎದೆಯ ಎಡಭಾಗ, ಸಣ್ಣ ಗುರುತು. ನೇಮಣ್ಣನ ಅಕ್ಷರ ದುಂಡಗಿತ್ತು. ಗುರುತಿಲ್ಲ ಎಂದು ಓದಿಬಿಟ್ಟರೆ ಮುಗಿಯಿತು. ಪುಸ್ತಕದಲ್ಲಿ ಏನೂ ಉಳಿಯುವುದಿಲ್ಲ ಎಂದು ನಿಯಮ ಮಾಡಿಸಿದವಳು ನಾನೇ. ಅವಳು ನೆಮ್ಮದಿಯಾಗಿ ಗಿರಣಿಗೆ ಹೋಗುತ್ತಾಳೆ, ಇಲ್ಲದ ಗಂಟಿಗಾಗಿ ಅವಳ ಎದೆ ಯಾರೂ ಕೊಯ್ಯುವುದಿಲ್ಲ, ನನ್ನದು ನನ್ನಲ್ಲೇ ಉಳಿಯುತ್ತದೆ. ಬಾಯಿ ತೆರೆದೂ ಇದ್ದೆ. ಆಗ ನನಗೆ ತಿಳಿಯಿತು, ಆ ಬೆಳಿಗ್ಗೆ ನಾನು ಬಗ್ಗಿ ನೋಡಿದ್ದು ಏಳನೆಯ ಜಾಗವನ್ನು ಮಾತ್ರ. ಕಂಬದ ಪಕ್ಕದ ಆರನೆಯ ಜಾಗ ಒಣಗಿತ್ತೋ ಒದ್ದೆಯಿತ್ತೋ, ಅತ್ತ ನನ್ನ ಕಣ್ಣು ಹೋಗಿರಲೇ ಇಲ್ಲ. ಅವಳದು ನನ್ನ ಹೆಸರಿನ ಲಕೋಟೆಯಲ್ಲಿತ್ತು. ಆ ಲಕೋಟೆ ಬೇಡ ಎಂದು ನಾನು ಹೇಳಿಯಾಗಿತ್ತು.

ಇದು ನಿಮ್ಮದಲ್ಲ ಎಂದೆ.

"ನಂದಲ್ಲ ಅನ್ನೂದು ಗೊತ್ತೈತಿ. ಕಂಬ ಹಿಡಕೊಂಡು ನಿಂತಾಕಿ ನಾನಽ ಅಲ್ಲೇನು? ನೀ ಬಗ್ಗಿ ಹಿಂದ ನೋಡಿದ್ದನ್ನೂ ಕಂಡೀನಿ. ಮೂರು ವಾರ ಆತು, ಇವತ್ತ ಹೇಳ್ತಾಳ, ನಾಳಿ ಹೇಳ್ತಾಳ ಅಂತ ಮಗ್ಗಲಕ್ಕ ಕೂತೀನಿ. ಏನ್ ಬರದಾನ ಅದನ್ನ ಓದು."

ಓದಿದೆ. ಅದನ್ನು ಮೊದಲ ಸಲ ಗಟ್ಟಿಯಾಗಿ ಕೇಳಿಸಿಕೊಂಡದ್ದು ಆಗ. ಅವಳು ನನ್ನ ಎದೆಯ ಕಡೆ ನೋಡಲಿಲ್ಲ, ಮುಖದ ಕಡೆಯೂ ನೋಡಲಿಲ್ಲ. ಮೇಜಿನ ಮೇಲೆ ಉಳಿದಿದ್ದ ಲಕೋಟೆಗಳನ್ನು ನೋಡುತ್ತಿದ್ದಳು.

"ನಿನಗ ಬ್ಯಾಡಾಗಿತ್ತು, ಸುಮ್ನಿದ್ದಿ. ಅದು ನಿನ್ನ ಖುಷಿ. ನಂದೂ ಮುಚ್ಚಿಟ್ಟೆಲ್ಲ, ಅದಕ್ಕ ಏನಂತಿ?"

ಎದ್ದು ಮೇಜಿನ ಹತ್ತಿರ ಹೋಗಿ, ನನ್ನ ಮನಸ್ಸು ಬದಲಾಗಿದೆ, ಆರನೆಯದು ಕೊಡಿ ಎಂದೆ. ಡಾಕ್ಟರರು ಏಳನೆಯ ಚೀಟಿ ನನ್ನ ಕೈಯಲ್ಲಿರುವುದನ್ನು ನೋಡಿದರು, ಅತ್ತ ಗುರುಸಿದ್ಧವ್ವನನ್ನು ನೋಡಿದರು. ಜಾಗ ಬದಲಾಗಿತ್ತು ಎಂದು ನಾನೇ ಹೇಳಿದೆ. ನೇಮಣ್ಣನ ಕೈ ತಟ್ಟೆಯ ಮೇಲೆ ನಿಂತಿತು. ಎಷ್ಟು ವರ್ಷದಿಂದ ಎಷ್ಟು ಜನ ಹೀಗೆ ಕಂಬಕ್ಕಾಗಿ ಜಾಗ ಬದಲಾಯಿಸಿದ್ದಾರೋ ಎಂದು ಅವನು ಎಣಿಸುತ್ತಿದ್ದನೋ ಏನೋ.

ಲಕೋಟೆ ತಂದು ಅವಳೆದುರಿಗೇ ಒಡೆದೆ. ಗುರುತಿಲ್ಲ ಎಂದಿತ್ತು. ಓದಿ ಹೇಳಿದೆ. ಅವಳು ಚೀಟಿಯನ್ನು ನನ್ನ ಬೆರಳುಗಳಿಂದ ಬಿಡಿಸಿಕೊಂಡು, ಮೊಣಕಾಲಿಗೆ ಕೈಯೂರಿ ಎದ್ದು, ಹಜಾರದ ಆ ತುದಿಯಲ್ಲಿ ನಿಂತಿದ್ದ ಇಮಾಮಸಾಬನ ಬಳಿ ಹೋದಳು. ಇದರಾಗ ಏನೈತಿ ಒಮ್ಮಿ ಓದಪಾ ಎಂದದ್ದು ನನಗೆ ಕೇಳಿಸಿತು. ನಾನು ಕೂತು ಕಾಯುತ್ತಿದ್ದೆ. ಹುಟ್ಟಿದಾಗಿನಿಂದ ಊರಿನವರನ್ನೆಲ್ಲ ಅಳೆಯುತ್ತಾ ಬಂದವಳು ನಾನು. ಒಬ್ಬರು ನನ್ನ ಮಾತನ್ನು ಇನ್ನೊಬ್ಬರಲ್ಲಿ ತೂಗಿ ನೋಡಿಸಿಕೊಳ್ಳುವುದನ್ನು ನೋಡುತ್ತ ಕೂತದ್ದು ಅದೇ ಮೊದಲು. ಅವಳು ಮಾಡುತ್ತಿದ್ದದ್ದು ಸರಿಯಾಗಿತ್ತು.

ಇಮಾಮಸಾಬ ಓದಿದ. ಅವಳು ತಲೆಯಾಡಿಸಿ, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಸೇರಿಸಿ, ಮೆಲ್ಲಗೆ ಕಾಲೆಳೆಯುತ್ತಾ ವಾಪಸು ಬಂದು ನನ್ನ ಪಕ್ಕದಲ್ಲೇ ಕೂತಳು.

"ಇನ್ನ ನಿಂದು ಹೇಳು," ಎಂದಳು. "ಕೊಯ್ಸಾಕಿಯೋ, ಕಾಯಾಕಿಯೋ?"

ಗೊತ್ತಿಲ್ಲ ಎಂದೆ. ಹಜಾರ ಖಾಲಿಯಾಗುತ್ತಿತ್ತು. ಗಿರಣಿಯ ಮುಂದೆ ಜೋಳದ ಬುಟ್ಟಿಗಳು ಸಾಲುಗಟ್ಟಿರುವ ಹೊತ್ತು ಅದು. ಅವಳು ಎದ್ದು ಹೋಗಲಿಲ್ಲ.